ಪಾಲಿಮರ್ ಸಮಾಸದ್ರವ್ಯಗಳು: ಕನ್ನಡ ಪರಿಭಾಷೆಯ ವಿಮರ್ಶೆ

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯತೊಡಗಿದವರು ಮೊದಲು ಎದುರಿಸುವ ಕಷ್ಟವು ಹೆಸರಿನ ಕಷ್ಟವೆಂಬುದು ಸರ್ವವಿದಿತವಾದ ಸಂಗತಿ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಇಂದಿನವರೆಗೆ ಈ ಕಷ್ಟವು ತನ್ನ ರೂಪವನ್ನು ಬದಲಿಸಿದೆಯೇ ಹೊರತು ತೀರಿಲ್ಲ. ಅಂದು ಅನೇಕ ವಸ್ತುಗಳಿಗೆ ಹೆಸರೇ ಇರಲಿಲ್ಲ; ಇಂದು ಒಂದು ವಸ್ತುವಿಗೆ ಮೂರು ಹೆಸರುಗಳಿವೆ, ಇಲ್ಲವೇ ಮೂರು ವಸ್ತುಗಳಿಗೆ ಒಂದೇ ಹೆಸರಿದೆ. ಇವುಗಳಲ್ಲಿ ಮೊದಲನೆಯದು ಅಷ್ಟಾಗಿ ದೋಷವಲ್ಲ. ಪರ್ಯಾಯಪದಗಳಿಂದ ಭಾಷೆಯು ಕೆಡುವುದಿಲ್ಲ. ಎರಡನೆಯದು ಮಹಾದೋಷ. ಅನೇಕಾರ್ಥಗಳುಳ್ಳ ಪದವು ಕಾವ್ಯದಲ್ಲಿ ನಿಂತರೆ ಶ್ಲೇಷವೆನಿಸುವುದು. ಶಾಸ್ತ್ರದಲ್ಲಿ ನಿಂತರೆ ಭ್ರಾಂತಿಗೆ ಮೂಲವಾಗುವುದು.

ಪ್ಲಾಸ್ಟಿಕ್, ಪಾಲಿಮರ್, ಮತ್ತು ಅವುಗಳೊಡನೆ ಗಾಜು, ಇಂಗಾಲ ಮುಂತಾದವುಗಳ ನಾರನ್ನು ಕೂಡಿಸಿ ಮಾಡುವ ಕಾಂಪೋಸಿಟ್ ಎಂಬ ದ್ರವ್ಯಗಳು, ಇವುಗಳ ವಿಷಯವಾಗಿ ಕನ್ನಡದ ಪಾಠಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಡೆದಿರುವ ಪರಿಭಾಷೆಯನ್ನು ಪ್ರಕೃತ ಲೇಖನದಲ್ಲಿ ವಿಮರ್ಶಿಸಲುದ್ದೇಶಿಸಿದ್ದೇವೆ. ಇದು ರಸಾಯನಜ್ಞರ ಕ್ಷೇತ್ರ, ಶಬ್ದಶಾಸ್ತ್ರದವರಿಗೆ ಇಲ್ಲೇನು ಕೆಲಸವೆಂದು ಕೇಳುವವರುಂಟು. ವಸ್ತುವಿನ ಗುಣಗಳನ್ನು ನಿಶ್ಚಯಿಸುವುದು ರಸಾಯನಜ್ಞರ ಕೆಲಸವೇ ಸರಿ. ಆದರೆ ಆ ನಿಶ್ಚಯವನ್ನು ಕನ್ನಡದ ಮಾತು ಹೊರುತ್ತಿದೆಯೋ, ಇಲ್ಲವೇ ದಾರಿಯಲ್ಲಿಯೇ ಚೆಲ್ಲುತ್ತಿದೆಯೋ ಎಂದು ಪರೀಕ್ಷಿಸುವುದು ಮಾತಿನವರ ಕೆಲಸ.

೧. ಪ್ಲಾಸ್ಟಿಕ್ ಮತ್ತು ಪಾಲಿಮರ್

ಇವೆರಡೂ ಗ್ರೀಕ್ ಮೂಲದ ಶಬ್ದಗಳು. ಬೇಕಾದ ಆಕಾರಕ್ಕೆ ತಿದ್ದಲು ಒದಗುವುದೆಂದು ಮೊದಲನೆಯದರ ಅವಯವಾರ್ಥ. ಬಹುಭಾಗಗಳು ಯಾವುದಕ್ಕೆ ಉಂಟೋ ಅದು ಎಂದು ಎರಡನೆಯದರ ಅರ್ಥ, ಅಂದರೆ ಅದೊಂದು ಬಹುವ್ರೀಹಿ. ಈ ಎರಡನೆಯ ಶಬ್ದವನ್ನು ೧೮೩೩ರಲ್ಲಿ ಸ್ವೀಡನ್ನಿನ ಬರ್ಜೇಲಿಯಸ್ ಎಂಬ ವಿದ್ವಾಂಸನು ಪ್ರಯೋಗಿಸಿದಾಗ, ಘಟಕಗಳ ಪ್ರಮಾಣವು ಸಮಾನವಾಗಿದ್ದು ಅಣುಭಾರವು ಮಾತ್ರ ಬೇರೆಯಾಗಿರುವ ಪದಾರ್ಥಗಳೆಂಬುದಷ್ಟೇ ಅವನ ವಿವಕ್ಷೆಯಾಗಿತ್ತು. ೧೯೨೦ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್, ರಬ್ಬರು ಮುಂತಾದವು ಚಿಕ್ಕ ಚಿಕ್ಕ ಅಣುಗಳ ಗುಂಪುಗಳಲ್ಲ, ಸರಪಣಿಯಂತೆ ಬಿಗಿದುಕೊಂಡಿರುವ ಒಂದೊಂದು ಮಹಾಣುಗಳೆಂದು ವಾದಿಸಿದನು. ಬಹುಕಾಲ ವಿರೋಧವನ್ನು ಎದುರಿಸಿದ ಈ ಮತವು ಕಡೆಗೆ ಸಿದ್ಧಾಂತವಾಯಿತು; ೧೯೫೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಿಕವೂ ಬಂದಿತು. ಅಕ್ಷರಗಳು ಅವೇ ಆಗಿದ್ದು ಅರ್ಥವು ಬೇರೆಯಾಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಅವಯವಾರ್ಥಕ್ಕಿಂತ ರೂಢಿಯು ಬಲವತ್ತರವೆಂಬ ನಮ್ಮ ಶಾಸ್ತ್ರಕಾರರ ನ್ಯಾಯವು ಯೂರೋಪಿನ ಶಬ್ದಗಳಿಗೂ ತಪ್ಪಿದುದಲ್ಲ. ಆದುದರಿಂದ ಪಾಲಿಮರ್ ಎಂಬುದನ್ನು ಕನ್ನಡವು ಹಾಗೆಯೇ ಸ್ವೀಕರಿಸಿರುವುದರಲ್ಲಿ ನಮಗೆ ಆಕ್ಷೇಪವಿಲ್ಲ. ಹಿಂದಿಯ ‘ಬಹುಲಕ’ವನ್ನು ತಂದು ಕೂರಿಸಿದರೆ ವಿದ್ಯಾರ್ಥಿಯು ಎರಡನ್ನೂ ಕಲಿಯಬೇಕಾದೀತೇ ಹೊರತು ತಿಳಿವು ಹೆಚ್ಚದು.

ಪ್ಲಾಸ್ಟಿಕ್ ಎಂಬ ಮಾತಿನಲ್ಲಿ ಮಾತ್ರ ಒಂದು ತೊಡಕಿದೆ. ಸಂಪೂರ್ಣವಾಗಿ ಕೃತಕವಾದ ಮೊದಲ ಪ್ಲಾಸ್ಟಿಕ್ ಎನಿಸಿದ ಬೇಕಲೈಟನ್ನು ಲಿಯೋ ಬೇಕ್‌ಲೆಂಡ್ ಎಂಬಾತನು ೧೯೦೭ರಲ್ಲಿ ಸಿದ್ಧಗೊಳಿಸಿದನು. ಅವನು ಹುಡುಕಹೊರಟಿದ್ದುದು ನಮ್ಮ ದೇಶದಿಂದ ಹೋಗುತ್ತಿದ್ದ ಅರಗಿಗೆ ಬದಲಾಗುವ ವಸ್ತುವನ್ನು. ಅರಗು ಕಾಯಿಸಿದರೆ ಮೆದುವಾಗುವುದು, ಆರಿದರೆ ಗಟ್ಟಿಯಾಗುವುದು, ಮತ್ತೆ ಕಾಯಿಸಿದರೆ ಮತ್ತೆ ಮೆದುವಾಗುವುದು. ಪಾಂಡವರ ಅರಗಿನ ಮನೆಯ ಕಥೆಯನ್ನು ಕೇಳಿದವರಿಗೂ, ಚನ್ನಪಟ್ಟಣದ ಕುಶಲಿಗಳು ತಿರುಗುವ ಮರದ ಗೊಂಬೆಗೆ ಅರಗಿನ ಕಡ್ಡಿಯನ್ನೊತ್ತಿ, ಆ ಉಜ್ಜಿನ ಬಿಸಿಯಿಂದಲೇ ಬಣ್ಣವೇರಿಸುವುದನ್ನು ಕಂಡವರಿಗೂ ಇದನ್ನು ವಿವರಿಸಬೇಕಾದುದಿಲ್ಲ. ಬೇಕಲೈಟಿನ ಸ್ವಭಾವವೋ ಇದಕ್ಕೆ ವಿರುದ್ಧ: ಒಮ್ಮೆ ಕಾವಿನಲ್ಲಿಯೂ ಒತ್ತಡದಲ್ಲಿಯೂ ಗಟ್ಟಿಯಾದರೆ ಅದು ಮತ್ತೆಂದಿಗೂ ಮೆದುವಾಗದು, ಅತಿಯಾಗಿ ಕಾಯಿಸಿದರೆ ಸುಟ್ಟು ಕರಿಯಾದೀತೇ ಹೊರತು ಕರಗದು. ಅರ್ಥಾತ್, ಪ್ಲಾಸ್ಟಿಕ್ ಎಂಬ ಹೆಸರನ್ನು ಹೊತ್ತ ವಸ್ತುಗಳಲ್ಲಿ ಅರಗಿನ ಜಾತಿಯವು ಕೆಲವು, ಸುಟ್ಟ ಮಡಕೆಯ ಜಾತಿಯವು ಕೆಲವು. ಇವನ್ನು ಕ್ರಮವಾಗಿ ತಾಪಮೃದು, ತಾಪದೃಢ ಎಂದು ಕರೆಯಬಹುದು. ಈ ಭೇದವನ್ನು ಹೇಳದೆ ಎಲ್ಲವನ್ನೂ ಪ್ಲಾಸ್ಟಿಕ್ ಎಂಬ ಒಂದೇ ಮಾತಿನಿಂದ ವ್ಯವಹರಿಸುವ ಲೇಖನಗಳು, ಮುಂದೆ ಕಾಣುವಂತೆ, ಓದುಗನನ್ನು ಬಹುದೊಡ್ಡ ತಪ್ಪಿಗೆ ಗುರಿಮಾಡುತ್ತವೆ.

೨. ಸಂಯುಕ್ತವೋ ಸಮಾಸವೋ

ಈಗ ಮುಖ್ಯ ವಿಷಯಕ್ಕೆ ಬರೋಣ. ಶಾಲೆಯ ಪುಸ್ತಕಗಳಲ್ಲಿ ಜಲಜನಕ ಆಮ್ಲಜನಕಗಳು ಕೂಡಿ ನೀರಾಗುವಂಥ ರಾಸಾಯನಿಕ ಯೋಗಕ್ಕೆ ‘ಸಂಯುಕ್ತ’ವೆಂದು ಹೆಸರು, ಮರಳು ಸಕ್ಕರೆಗಳನ್ನು ಬೆರಸಿದಂಥದಕ್ಕೆ ‘ಮಿಶ್ರಣ’ವೆಂದು ಹೆಸರು. ಈ ಎರಡೂ ಚೆನ್ನಾಗಿ ನೆಲೆಗೊಂಡಿವೆ. ಕಾಂಪೋಸಿಟ್ ಎಂಬುದನ್ನು ಕನ್ನಡಿಸಬೇಕಾದಾಗ ಅನೇಕರು ಮತ್ತೆ ಅದೇ ‘ಸಂಯುಕ್ತ ವಸ್ತು’ವೆಂದು ಬರೆಯುತ್ತಾರೆ. ಯಂತ್ರಗಳೂ ಅನುವಾದಕ್ಕೆ ತೊಡಗಿರುವ ಈ ಕಾಲದಲ್ಲಿ ಒಬ್ಬರ ಅನವಧಾನವು ಸಾವಿರ ಪುಟಗಳಿಗೆ ಹಬ್ಬುತ್ತದೆ.

ಇದೇಕೆ ದೋಷವೆಂಬುದನ್ನು ವಿಚಾರಿಸೋಣ. ನೀರಿನಲ್ಲಿ ಜಲಜನಕದ ಉರಿಯುವ ಗುಣವಾಗಲಿ, ಆಮ್ಲಜನಕದ ಉರಿಸುವ ಗುಣವಾಗಲಿ ಉಳಿದಿಲ್ಲ. ಘಟಕಗಳು ತಮ್ಮತನವನ್ನು ಕಳೆದುಕೊಂಡಿವೆ. ಮರಳು ಸಕ್ಕರೆಗಳ ಬೆರಕೆಯಲ್ಲಿ ಎರಡೂ ಹಾಗೆಯೇ ಉಳಿದಿವೆ; ಹೊಸದೇನೂ ಹುಟ್ಟಿಲ್ಲ. ಕಾಂಪೋಸಿಟ್ ಇವೆರಡೂ ಅಲ್ಲ. ಗಾಜಿನ ನಾರನ್ನು ರಾಳದಲ್ಲಿ ಹುದುಗಿಸಿ ಮಾಡಿದ ಹಲಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾರು ನಾರಾಗಿಯೂ ರಾಳ ರಾಳವಾಗಿಯೂ ಬೇರೆಬೇರೆಯಾಗಿಯೇ ಕಾಣುತ್ತವೆ. ಆದಾಗ್ಯೂ ಆ ಹಲಗೆಯಲ್ಲಿ ಕಂಡುಬರುವ ಗುಣವು ಎರಡರಲ್ಲಿ ಯಾವುದರಲ್ಲಿಯೂ ಇರಲಿಲ್ಲ. ಗಾಜು ಸಿಡಿಯುವ ವಸ್ತು, ಗಟ್ಟಿಯಾದ ರಾಳವೂ ಬಿರಿಯುವ ವಸ್ತು; ಎರಡೂ ಕೂಡಿದ ಹಲಗೆಯು ಮಾತ್ರ ಸುಲಭವಾಗಿ ಒಡೆಯದು. ಒಂದೆಡೆ ಹುಟ್ಟಿದ ಬಿರುಕು ನೇರವಾಗಿ ಓಡಲಾರದೆ ನಾರು ರಾಳಗಳ ಎಡೆಯಲ್ಲಿ ಹೊರಳಿ ಹೊರಳಿ ತನ್ನ ವೇಗವನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ.

ಘಟಕಗಳು ಬೇರೆಯಾಗಿಯೇ ಉಳಿದು, ಒಟ್ಟಿನಲ್ಲಿ ಹೊಸ ಅರ್ಥವೊಂದು ಹುಟ್ಟುವ ಈ ಸ್ಥಿತಿಯು ವ್ಯಾಕರಣವನ್ನು ಓದಿದವರಿಗೆ ಅಪರಿಚಿತವಲ್ಲ. ಇದು ಸಮಾಸ. ಸಮಾಸದಲ್ಲಿ ಪದಗಳು ಪರಸ್ಪರಾಪೇಕ್ಷೆಯಿಂದ ನಿಂತಿವೆಯೋ, ಇಲ್ಲವೇ ಏಕಾರ್ಥೀಭಾವವನ್ನು ಹೊಂದಿವೆಯೋ ಎಂದು ಮಹಾಭಾಷ್ಯವು ಎತ್ತಿದ ಚರ್ಚೆಯು ಪಂಡಿತರಿಗೆ ಗೊತ್ತಿರುವುದೇ. ಆ ಎರಡು ಪಕ್ಷಗಳೂ ಇಲ್ಲಿ ಒಂದೇ ವಸ್ತುವಿನಲ್ಲಿ ಸೇರಿರುವಂತೆ ತೋರುತ್ತದೆ. ೧೯೨೧ರಲ್ಲಿ ಗ್ರಿಫಿತ್ ಎಂಬ ಆಂಗ್ಲ ವಿದ್ವಾಂಸನು, ಗಾಜಿನ ಎಳೆಯು ತೆಳುವಾದಷ್ಟೂ ಅದರ ಬಲವು ಹೆಚ್ಚುವುದೆಂದೂ, ದಪ್ಪ ಗಾಜಿನ ದೌರ್ಬಲ್ಯಕ್ಕೆ ಅದರಲ್ಲಡಗಿರುವ ಸೂಕ್ಷ್ಮವಾದ ಬಿರುಕುಗಳೇ ಕಾರಣವೆಂದೂ ತೋರಿಸಿಕೊಟ್ಟನು. ಆದರೆ ತೆಳುವಾದ ಎಳೆಗಳು ಎಷ್ಟೇ ಬಲವಾಗಿದ್ದರೂ ಬಿಡಿಯಾಗಿ ನಿಲ್ಲಲಾರವು, ಒತ್ತಿದರೆ ಬಾಗುತ್ತವೆ. ಅವಕ್ಕೆ ಹಿಡಿದು ನಿಲ್ಲಿಸುವ ಆಧಾರ ಬೇಕು. ಆಧಾರಕ್ಕೆ ಭಾರ ಹೊರುವ ಎಳೆ ಬೇಕು. ಇದು ಆಕಾಂಕ್ಷೆ. ಎರಡೂ ಕೂಡಿದ ಮೇಲೆ ಭಾರವನ್ನು ಒಂದೇ ವಸ್ತುವಾಗಿ ಹೊರುವುದು ಏಕಾರ್ಥೀಭಾವ. ಆದುದರಿಂದ ಇಂಥವನ್ನು ಸಮಾಸದ್ರವ್ಯಗಳೆಂದು ಕರೆಯಬೇಕೆಂಬುದು ನಮ್ಮ ಸೂಚನೆ. ‘ಸಮಸ್ತ’ವೆಂಬ ರೂಪವು ವ್ಯಾಕರಣದಲ್ಲಿ ಸಾಧುವಾದರೂ ಕನ್ನಡದಲ್ಲಿ ‘ಎಲ್ಲ’ ಎಂಬ ಅರ್ಥದಲ್ಲಿ ರೂಢವಾಗಿರುವುದರಿಂದ ಅದು ಸಲ್ಲದು.

ಇದೇ ಪ್ರಸಂಗದಲ್ಲಿ ಇನ್ನೊಂದು ಮಾತು. ನಾರನ್ನು ಹಿಡಿದಿರುವ ರಾಳಕ್ಕೆ ಇಂಗ್ಲಿಷಿನಲ್ಲಿ ಮ್ಯಾಟ್ರಿಕ್ಸ್ ಎಂದು ಹೆಸರಿರುವುದರಿಂದ ಅದನ್ನು ‘ಮಾತೃಕೆ’ಯೆಂದು ಅನುವಾದಿಸುವವರುಂಟು. ಗಣಿತದವರಿಗೆ ಮಾತೃಕೆಯೆಂದರೆ ಸಂಖ್ಯೆಗಳ ಕೋಷ್ಠಕ. ಗ್ರಂಥಸಂಪಾದಕರಿಗೆ ಅದು ಮೂಲಪ್ರತಿ. ಮೂರನೆಯ ಹೊರೆಯನ್ನು ಆ ಬಡಪದದ ಮೇಲೆ ಹೊರಿಸುವುದು ಅನ್ಯಾಯ. ‘ಆಧಾರ’ವೆಂಬ ಸರಳವಾದ ಮಾತೇ ಸಾಕು.

ಸಮಾಸದ್ರವ್ಯವು ನಮ್ಮ ನಾಡಿಗೆ ಹೊಸತೆಂದೂ ಭಾವಿಸಬೇಕಾದುದಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟನ್ನೂ ಕೂಡಿಸಿ ಮಾಡುವ ‘ಕಿಟ್ಟ’ವು ನಾರು ಮತ್ತು ಆಧಾರಗಳ ಸಮಾಸವೇ. ಮಣ್ಣಿನ ಗೋಡೆಗೆ ಹುಲ್ಲು ಬೆರಸಿ ತುಳಿಯುವ ಒಕ್ಕಲಿಗನೂ ಇದೇ ತತ್ತ್ವವನ್ನು ಬಲ್ಲನು. ಬೆಂಗಳೂರಿನಲ್ಲಿ ರೂಪುಗೊಂಡು ೨೦೦೧ರ ಜನವರಿ ೪ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಒಡಲಿನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಸುಮಾರು ೪೫ರಷ್ಟು ಇಂಗಾಲದ ನಾರಿನ ಸಮಾಸದ್ರವ್ಯವಿದೆ. ೨೦೦೯ರಲ್ಲಿ ಮೊದಲು ಹಾರಿದ ಬೋಯಿಂಗ್ ೭೮೭ರಲ್ಲಿ ನೂರಕ್ಕೆ ಸುಮಾರು ೫೦ರಷ್ಟು. ಇಂಗಾಲದ ನಾರಿನ ಸಾಂದ್ರತೆಯು ನೀರಿನ ೧.೮ರಷ್ಟಾದರೆ ಉಕ್ಕಿನದು ೭.೮ರಷ್ಟು. ಹುಲ್ಲಿನಿಂದ ಇಂಗಾಲದ ನಾರಿಗೆ ಬಂದದ್ದು ದೊಡ್ಡ ದೂರವೇ ಆದರೂ ದಾರಿಯು ಒಂದೇ.

೩. ಸಂಧಿ

ಸಮಾಸದ್ರವ್ಯದ ಬಲವೆಲ್ಲವೂ ನಾರು ಆಧಾರಗಳು ಕೂಡುವ ಎಡೆಯಲ್ಲಿದೆ. ಭಾರವು ಆಧಾರದಿಂದ ನಾರಿಗೆ ದಾಟಬೇಕಾದುದು ಆ ಎಡೆಯಿಂದಲೇ. ಇದಕ್ಕೆ ‘ಅಂತರಮುಖ’, ‘ಅಂತರಾಪೃಷ್ಠ’ ಎಂದು ತೊಡಕಾದ ಹೆಸರುಗಳನ್ನು ಕಟ್ಟುವುದಕ್ಕಿಂತ ಸಂಧಿಯೆಂಬುದೇ ಲೇಸು. ಗಾಜು ರಾಳಗಳು ತಾವಾಗಿಯೇ ಚೆನ್ನಾಗಿ ಅಂಟುವುದಿಲ್ಲ; ತೇವವು ಎಡೆಯಲ್ಲಿ ನುಗ್ಗಿದರೆ ಬಿಡುತ್ತವೆ. ಆಗ ಸಿಲೇನ್ ಎಂಬ ಜಾತಿಯ ಪದಾರ್ಥವನ್ನು ನಾರಿಗೆ ಮೊದಲೇ ಲೇಪಿಸುತ್ತಾರೆ. ಅದರ ಅಣುವಿನ ಒಂದು ತುದಿಯು ಗಾಜನ್ನು ಹಿಡಿಯುವುದು, ಇನ್ನೊಂದು ತುದಿಯು ರಾಳವನ್ನು ಹಿಡಿಯುವುದು. ಎರಡು ಸ್ವರಗಳು ನೇರವಾಗಿ ಕೂಡಲೊಲ್ಲದಿರುವಾಗ ನಡುವೆ ಯಕಾರವೋ ವಕಾರವೋ ಬಂದು ನಿಲ್ಲುವ ಆಗಮಸಂಧಿಯನ್ನು ಕಲಿತ ಬಾಲಕನಿಗೆ ಇದು ಒಂದೇ ಮಾತಿನಲ್ಲಿ ತಿಳಿಯುವ ವಿಷಯ.

ಕಳೆದ ನಾಲ್ಕು ದಶಕಗಳ ಸಂಶೋಧನೆಯ ಒಂದು ಮುಖ್ಯ ಧಾರೆಯು ಈ ಸಂಧಿಯ ವಿಸ್ತಾರವನ್ನು ಹೆಚ್ಚಿಸಿದುದೇ ಆಗಿದೆ. ಜಪಾನಿನ ಟೊಯೋಟಾ ಸಂಸ್ಥೆಯ ಸಂಶೋಧಕರು ನೈಲಾನಿನಲ್ಲಿ ಒಂದು ಬಗೆಯ ಜೇಡಿಯನ್ನು ಪದರು ಪದರಾಗಿ ಬಿಡಿಸಿ ಹರಡಿದರು. ಪದರಿನ ದಪ್ಪವು ಮೀಟರಿನ ನೂರುಕೋಟಿಯ ಒಂದಂಶ. ಜೇಡಿಯ ಪ್ರಮಾಣವು ತೂಕದಲ್ಲಿ ನೂರಕ್ಕೆ ಐದನ್ನೂ ಮುಟ್ಟದಿದ್ದರೂ, ೬೫ ಡಿಗ್ರಿಯ ಕಾವಿನಲ್ಲಿ ಭಾರಕ್ಕೆ ಬಾಗುತ್ತಿದ್ದ ನೈಲಾನು ೧೪೫ ಡಿಗ್ರಿಯನ್ನು ಮೀರಿಯೂ ತಡೆಯಿತು. ೧೯೯೩ರ ವೇಳೆಗೆ ಈ ಫಲಿತಾಂಶಗಳು ವಿಸ್ತಾರವಾಗಿ ಪ್ರಕಟವಾದುವು. ಇಲ್ಲಿ ಹೆಚ್ಚಿದುದು ದ್ರವ್ಯವಲ್ಲ, ಸಂಧಿ. ಇದನ್ನು ‘ಅತಿಸೂಕ್ಷ್ಮ ಸಂಯುಕ್ತ’ವೆಂದು ಬರೆದರೆ ಓದುಗನಿಗೆ ಈ ಮರ್ಮವು ತಿಳಿಯುವ ಬಗೆ ಹೇಗೆ?

೪. ಅರಿಸಮಾಸ

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡ ಸಂಸ್ಕೃತ ಪದಗಳನ್ನು ಅಡ್ಡಾದಿಡ್ಡಿಯಾಗಿ ಕೂಡಿಸಿದ ಸಮಾಸವನ್ನು ಅರಿಸಮಾಸವೆಂದು ನಿಷೇಧಿಸಿ, ಬಿರುದಾವಳಿ ಮುಂತಾದ ಕೆಲವೆಡೆ ಮಾತ್ರ ಅದಕ್ಕೆ ಎಡೆಗೊಟ್ಟಿರುವನಷ್ಟೆ. ಪಾಲಿಮರುಗಳಲ್ಲಿಯೂ ಅರಿಸಮಾಸವುಂಟು. ಚೀಲಗಳನ್ನು ಮಾಡುವ ಪಾಲಿಎಥಿಲೀನ್, ಡಬ್ಬಿಗಳನ್ನು ಮಾಡುವ ಪಾಲಿಪ್ರೊಪಿಲೀನ್ ಇವೆರಡೂ ನೋಟಕ್ಕೆ ಸೋದರರಂತಿದ್ದರೂ ಕರಗಿಸಿ ಬೆರಸಿದರೆ ಕೂಡಿಕೊಳ್ಳವು. ಆ ಬೆರಕೆಯಿಂದ ಎರೆದ ವಸ್ತುವು ಬಿರುಸಾಗಿ ಮುರಿಯುತ್ತದೆ. ಕಸದ ರಾಶಿಯಲ್ಲಿ ಎಲ್ಲವೂ ಬೆರೆತೇ ಬರುವುದರಿಂದ ಪ್ಲಾಸ್ಟಿಕ್ಕನ್ನು ಮತ್ತೆ ಎರೆಯುವ ಉದ್ಯಮಕ್ಕೆ ಇದೇ ದೊಡ್ಡ ಅಡ್ಡಿ. ೨೦೧೭ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾನಿಲಯಗಳ ಸಂಶೋಧಕರು ಎರಡರ ತುಂಡುಗಳನ್ನೂ ಒಂದೇ ಸರಪಣಿಯಲ್ಲಿ ಪರ್ಯಾಯವಾಗಿ ಕೋದ ಪಾಲಿಮರನ್ನು ಸಿದ್ಧಪಡಿಸಿದರು. ಅದನ್ನು ಸ್ವಲ್ಪವೇ ಸೇರಿಸಿದರೂ ಆ ಬೆರಕೆಯು ಗಟ್ಟಿಮುಟ್ಟಾಗುತ್ತದೆ. ವೈರಿಗಳ ನಡುವೆ ಇಬ್ಬರ ಬಂಧುವಾದವನನ್ನು ನಿಲ್ಲಿಸಿ ಸಂಧಿ ಮಾಡಿಸಿದಂತೆ ಇದು.

ನಮ್ಮ ಪರಿಭಾಷೆಗೂ ಇದರಿಂದ ಪಾಠವುಂಟು. ‘ಪಾಲಿಮರ್ ಸಮಾಸದ್ರವ್ಯ’ವೆಂಬುದು ತಾನೇ ಅರಿಸಮಾಸವಲ್ಲವೇ ಎಂದು ಆಕ್ಷೇಪಿಸುವವರಿಗೆ ನಮ್ಮ ಉತ್ತರವಿಷ್ಟೆ: ಎರಡು ಕಡೆಯವರಿಗೂ ಬಳಕೆಯಿರುವ ಮಾತುಗಳು ಕೂಡಿದರೆ ಸಮಾಸವು ನಿಲ್ಲುವುದು, ಯಾರಿಗೂ ಬಳಕೆಯಿಲ್ಲದ ಎರಡು ಶುದ್ಧ ಸಂಸ್ಕೃತಪದಗಳು ಕೂಡಿದರೆ ಅದು ಸಾಧುವಾಗಿದ್ದೂ ಬೀಳುವುದು.

೫. ವಿಗ್ರಹ

ಸಮಾಸವೆಂದ ಮೇಲೆ ವಿಗ್ರಹವನ್ನು ಕೇಳಬೇಕು. ಬಿಡಿಸಿ ಹೇಳಲಾಗದ ಸಮಾಸಕ್ಕೆ ನಿತ್ಯಸಮಾಸವೆಂದು ಹೆಸರು. ‘ಕೃಷ್ಣಸರ್ಪ’ವನ್ನು ಕರಿಯ ಹಾವೆಂದು ಬಿಡಿಸಿದರೆ ಆ ಜಾತಿಯ ಹಾವೆಂಬ ಅರ್ಥವೇ ಹೋಗುವುದು. ತಾಪದೃಢವಾದ ರಾಳದಿಂದ ಮಾಡಿದ ಸಮಾಸದ್ರವ್ಯಗಳು ಇದುವರೆಗೆ ನಿತ್ಯಸಮಾಸಗಳಾಗಿಯೇ ಇದ್ದುವು. ಗಾಳಿಯಂತ್ರದ ರೆಕ್ಕೆಗಳು ಎರಡು ದಶಕಗಳಷ್ಟು ದುಡಿದ ಮೇಲೆ ಅವುಗಳನ್ನು ಕರಗಿಸಲಾಗದು. ಕತ್ತರಿಸಿ ಹೂಳಬೇಕು, ಅರೆದು ಸಿಮೆಂಟಿನ ಗೂಡಿಗೆ ಹಾಕಬೇಕು, ಇಲ್ಲವೇ ರಾಳವನ್ನು ಸುಟ್ಟು ನಾರನ್ನು ಮಾತ್ರ ಉಳಿಸಿಕೊಳ್ಳಬೇಕು.

ನಮ್ಮ ಪತ್ರಿಕೆಗಳ ಭಾಷೆಯು ಅತ್ಯಂತ ಹಾನಿಕರವಾಗಿರುವುದು ಇಲ್ಲಿಯೇ. ತೊಳೆದು ಮತ್ತೆ ಬಳಸುವುದು, ಕರಗಿಸಿ ಮತ್ತೆ ಎರೆಯುವುದು, ಅಣುಗಳನ್ನೇ ಬಿಡಿಸಿ ಮೂಲಘಟಕಗಳನ್ನು ಪಡೆಯುವುದು ಎಂಬ ಮೂರು ಬೇರೆಬೇರೆ ಕ್ರಿಯೆಗಳಿಗೂ ಅವು ‘ಮರುಬಳಕೆ’ಯೆಂಬ ಒಂದೇ ಮಾತನ್ನು ಹಾಕುತ್ತವೆ. ೨೦೧೭ರಲ್ಲಿ ಪ್ರಕಟವಾದ ಗೇಯರ್ ಮುಂತಾದವರ ಗಣನೆಯಂತೆ ೨೦೧೫ರವರೆಗೆ ಲೋಕದಲ್ಲಿ ಹುಟ್ಟಿದ ಹೊಸ ಪ್ಲಾಸ್ಟಿಕ್ ಸುಮಾರು ೮೩೦ ಕೋಟಿ ಟನ್ನು. ಅದರಲ್ಲಿ ಕಸವಾದುದು ಸುಮಾರು ೬೩೦ ಕೋಟಿ ಟನ್ನು. ಆ ಕಸದಲ್ಲಿ ಮತ್ತೆ ಎರಕಕ್ಕೆ ಬಂದುದು ನೂರಕ್ಕೆ ೯ರಷ್ಟು ಮಾತ್ರ. ಮರುಬಳಕೆಗೆ ಬರುವ ಪ್ಲಾಸ್ಟಿಕ್ ಎಂಬ ಅಕ್ಷರಗಳನ್ನು ಓದಿ ಸಮಾಧಾನಪಡುವ ಗೃಹಸ್ಥನು ಈ ಮೂರರಲ್ಲಿ ಯಾವುದನ್ನು ನಂಬಿದ್ದಾನೆಂದು ಹೇಳಬಲ್ಲವರು ಯಾರು? ಮೊದಲನೆಯದಕ್ಕೆ ಮರುಬಳಕೆಯೆಂಬುದೇ ಇರಲಿ. ಎರಡನೆಯದಕ್ಕೆ ‘ಮರುಎರಕ’ವೆಂದೂ, ಮೂರನೆಯದಕ್ಕೆ ‘ವಿಗ್ರಹಣ’ವೆಂದೂ ಹೇಳಬಹುದು.

ಈ ಭೇದವನ್ನು ಮಾಡಿಕೊಂಡರಷ್ಟೇ ಇತ್ತೀಚಿನ ಸಂಶೋಧನೆಯ ಮಹತ್ತ್ವವು ಮನದಟ್ಟಾಗುವುದು. ೨೦೧೧ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಅವನ ಸಹೋದ್ಯೋಗಿಗಳು ವಿಟ್ರಿಮರ್ ಎಂಬ ಪಾಲಿಮರನ್ನು ಪ್ರಕಟಪಡಿಸಿದರು. ಅದರ ಅಣುಗಳು ತಾಪದೃಢದಲ್ಲಿರುವಂತೆ ಬಲೆಯಾಗಿ ಹೆಣೆದುಕೊಂಡಿವೆ; ಆದರೂ ಕಾಯಿಸಿದಾಗ ಗಂಟುಗಳು ಕೈ ಬದಲಿಸುತ್ತವೆ, ಗಂಟುಗಳ ಸಂಖ್ಯೆ ಮಾತ್ರ ಕಡಮೆಯಾಗದು. ಆದುದರಿಂದ ಅದು ಗಾಜಿನಂತೆ ಮೆಲ್ಲಮೆಲ್ಲನೆ ಮೆದುವಾಗಿ ಹೊಸ ಆಕಾರವನ್ನು ತಾಳಬಲ್ಲುದು. ಮಡಕೆಯು ಮಡಕೆಯಾಗಿದ್ದುಕೊಂಡೇ ಅರಗಿನ ಗುಣವನ್ನು ಪಡೆದಂತಾಯಿತು. ೨೦೨೪ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯವೊಂದರ ವಿದ್ವಾಂಸರು ಸಸ್ಯಮೂಲದಿಂದ ಪಡೆಯಬಹುದಾದ ರಾಳದಿಂದ ೯ ಮೀಟರು ಉದ್ದದ ಗಾಳಿಯಂತ್ರದ ರೆಕ್ಕೆಯನ್ನು ಮಾಡಿ, ಆ ರಾಳವನ್ನು ಬಿಸಿಯಾದ ಮೆಥನಾಲಿನಲ್ಲಿ ಬಿಡಿಸಿ ನಾರನ್ನು ಹಿಂದಕ್ಕೆ ಪಡೆಯಬಹುದೆಂದು ತೋರಿಸಿದರು. ಇದು ನಿತ್ಯಸಮಾಸಕ್ಕೆ ವಿಗ್ರಹವನ್ನು ಕಂಡುಹಿಡಿದಂತೆ. ಇವು ಸಾಮಾನ್ಯವ್ಯವಹಾರಕ್ಕೆ ಇಳಿಯಲು ಬೆಲೆ, ಬಾಳಿಕೆ ಮುಂತಾದ ಪರೀಕ್ಷೆಗಳಲ್ಲಿ ಗೆಲ್ಲಬೇಕಾಗಿದೆ. ಆದರೆ ತತ್ತ್ವದಲ್ಲಿ ದಾರಿಯು ತೆರೆದಿದೆ. ಎಲ್ಲವನ್ನೂ ಮೊದಲೇ ಮರುಬಳಕೆಯೆಂದು ಕರೆದಿಟ್ಟವರಿಗೆ ಇದರಲ್ಲಿ ಹೊಸತೇನೂ ಕಾಣದು.

೬. ಜೈವಿಕವೆಂಬ ಹೇತು

ಕೊನೆಯದಾಗಿ ‘ಜೈವಿಕ ಪ್ಲಾಸ್ಟಿಕ್’ ಎಂಬ ಮಾತು. ಜೀವಮೂಲದಿಂದ ಹುಟ್ಟಿದ್ದೆಂದು ಕೆಲವರೂ, ಜೀವಾಣುಗಳಿಂದ ಕೊಳೆಯತಕ್ಕದ್ದೆಂದು ಕೆಲವರೂ ಇದನ್ನು ಪ್ರಯೋಗಿಸುತ್ತಾರೆ. ಓದುಗರು ಮೊದಲನೆಯದರಿಂದ ಎರಡನೆಯದನ್ನು ಊಹಿಸುತ್ತಾರೆ. ಸಸ್ಯದಿಂದ ಹುಟ್ಟಿದುದರಿಂದ ಇದು ಕೊಳೆಯುವುದೆಂಬ ಈ ಅನುಮಾನವನ್ನು ನ್ಯಾಯದ ಒರೆಗೆ ಹಚ್ಚೋಣ. ಬ್ರೆಜಿಲಿನಲ್ಲಿ ೨೦೧೦ರಿಂದ ಕಬ್ಬಿನ ಮದ್ಯಸಾರದಿಂದ ಪಾಲಿಎಥಿಲೀನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದಾರೆ. ಹುಟ್ಟು ಸಸ್ಯದಿಂದಲೇ, ಆದರೂ ಅದು ಕಲ್ಲೆಣ್ಣೆಯಿಂದಾದ ಪಾಲಿಎಥಿಲೀನಿನಂತೆಯೇ ಕೊಳೆಯದು. ಪಿಬಿಎಟಿ ಎಂಬುದನ್ನು ಸಾಮಾನ್ಯವಾಗಿ ತಯಾರಿಸುವುದು ಕಲ್ಲೆಣ್ಣೆಯಿಂದ, ಆದರೂ ಅದು ಕೊಳೆಯುವುದು. ಹೇತುವಿದ್ದಲ್ಲಿ ಸಾಧ್ಯವಿಲ್ಲ, ಹೇತುವಿಲ್ಲದಲ್ಲಿ ಸಾಧ್ಯವಿದೆ. ಎಂದಮೇಲೆ ವ್ಯಾಪ್ತಿಯು ಮುರಿಯಿತು, ಹೇತುವು ವ್ಯಭಿಚರಿಸಿತು. ಮೆಕ್ಕೆಜೋಳ ಮುಂತಾದವುಗಳಿಂದ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲದ ಸ್ಥಿತಿ ಇನ್ನೂ ವಿಚಿತ್ರ: ಸುಮಾರು ೬೦ ಡಿಗ್ರಿಯ ಕಾವನ್ನು ಕಾಯ್ದುಕೊಳ್ಳುವ ಗೊಬ್ಬರದ ಕಾರ್ಖಾನೆಯಲ್ಲಿ ಅದು ಕೊಳೆಯುತ್ತದೆ, ಕೆರೆಯ ದಂಡೆಯಲ್ಲಿ ಎಸೆದರೆ ವರ್ಷಗಟ್ಟಲೆ ಬಿದ್ದಿರುತ್ತದೆ.

ಕರ್ನಾಟಕವು ೨೦೧೬ರಲ್ಲಿಯೂ, ಒಂದೇ ಬಾರಿ ಬಳಸಿ ಎಸೆಯುವ ಕೆಲವು ವಸ್ತುಗಳ ವಿಷಯದಲ್ಲಿ ಭಾರತ ಸರ್ಕಾರವು ೨೦೨೨ರ ಜುಲೈ ೧ರಿಂದಲೂ ನಿಷೇಧಗಳನ್ನು ವಿಧಿಸಿವೆ. ಇಂಥ ನಿಯಮಗಳ ನೆರಳಿನಲ್ಲಿ ಚೀಲದ ಮೇಲಣ ಒಂದು ವಿಶೇಷಣವು ವ್ಯಾಪಾರವನ್ನೇ ನಿರ್ಣಯಿಸಬಲ್ಲುದು. ಆದುದರಿಂದ ‘ಸಸ್ಯಮೂಲ’, ‘ಕೊಳೆಯುವ’, ‘ಕಾವುಗೊಬ್ಬರದಲ್ಲಿ ಕೊಳೆಯುವ’ ಎಂದು ಮೂರನ್ನೂ ಬಿಡಿಸಿ ಬರೆಯುವುದೇ ಯುಕ್ತ. ಮಾತು ಉದ್ದವಾಯಿತೆಂದು ಅಂಜಬೇಕಾದುದಿಲ್ಲ. ಲಾಘವವು ಸೂತ್ರಕಾರರಿಗೆ ಭೂಷಣ, ಆದರೆ ಸಂದೇಹವನ್ನು ಹುಟ್ಟಿಸುವ ಲಾಘವವನ್ನು ಅವರೂ ಒಪ್ಪಲಿಲ್ಲ.

೭. ಉಪಸಂಹಾರ

ಇಂಗ್ಲಿಷ್ ಮಾತುಗಳನ್ನೇ ಉಳಿಸಿಕೊಂಡರೆ ಈ ಕ್ಲೇಶವೆಲ್ಲ ತಪ್ಪುವುದಲ್ಲವೇ ಎಂದು ಪೂರ್ವಪಕ್ಷ. ತಪ್ಪದು. ‘ಬಯೋಪ್ಲಾಸ್ಟಿಕ್’ ಎಂಬ ಇಂಗ್ಲಿಷ್ ಶಬ್ದವೂ ಇದೇ ದ್ವ್ಯರ್ಥದಿಂದ ಕೆಟ್ಟಿದೆ. ದೋಷವಿರುವುದು ಭಾಷೆಯಲ್ಲಲ್ಲ, ಭೇದವನ್ನು ನೋಡದ ಪ್ರಯೋಗದಲ್ಲಿ. ಪಾಲಿಮರ್, ನೈಲಾನ್, ವಿಟ್ರಿಮರ್ ಎಂಬ ಹೆಸರುಗಳು ಹಾಗೆಯೇ ಇರಲಿ. ಹೆಸರು ಎಲ್ಲಿಂದ ಬಂದರೂ ಒಂದು ವಸ್ತುವನ್ನೇ ಹೇಳಿದರೆ ಸಾಕು. ಆದರೆ ಸಂಬಂಧವನ್ನು ಹೇಳುವ ಮಾತುಗಳು, ಅಂದರೆ ಕೂಡುವುದು, ಬೆರೆಯುವುದು, ಹಿಡಿಯುವುದು, ಬಿಡಿಸುವುದು ಎಂಬ ಅರ್ಥದವು, ಕನ್ನಡದ್ದೇ ಆಗಿರಬೇಕು; ಏಕೆಂದರೆ ಓದುಗನು ವಿಚಾರಮಾಡುವುದು ಅವುಗಳಿಂದಲೇ. ಸಮಾಸ, ಸಂಧಿ, ಆಧಾರ, ವಿಗ್ರಹ ಇವು ನಮ್ಮ ಪ್ರೌಢಶಾಲೆಯ ಯಾವ ವಿದ್ಯಾರ್ಥಿಗೂ ಅಪರಿಚಿತವಲ್ಲ.

ಉಪಮಾನಕ್ಕೆ ಎಲ್ಲೆಯುಂಟೆಂಬುದನ್ನೂ ಹೇಳಬೇಕು. ಪದಗಳಿಗೆ ತೂಕವಿಲ್ಲ, ಅವು ತೇವದಿಂದ ಬಿಡವು, ಹೂಳಿದರೆ ನೆಲವನ್ನು ಕೆಡಿಸವು. ದ್ರವ್ಯಗಳ ವಿಷಯದಲ್ಲಿ ಕಡೆಯ ಪ್ರಮಾಣವು ಪ್ರಯೋಗಶಾಲೆಯೇ. ನಮ್ಮ ಪ್ರಾರ್ಥನೆಯಿಷ್ಟೆ: ಪಾಠಪುಸ್ತಕಗಳನ್ನು ಬರೆಯುವವರೂ ತಿದ್ದುವವರೂ ಸಂಯುಕ್ತವೆಂಬ ಮಾತನ್ನು ಅದರ ಹಳೆಯ ಅರ್ಥಕ್ಕೇ ಬಿಟ್ಟುಕೊಡಲಿ, ಮರುಬಳಕೆ, ಜೈವಿಕ ಎಂಬೆರಡು ಮಾತುಗಳನ್ನು ಬರೆಯುವಾಗಲೆಲ್ಲ ಯಾವ ಅರ್ಥದಲ್ಲೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಯಾವ ಸಮಾಸವನ್ನು ಕಂಡರೂ ವಿಗ್ರಹವೇನೆಂದು ಕೇಳುವುದು ನಮ್ಮ ಪಾಠಶಾಲೆಗಳ ಹಳೆಯ ಅಭ್ಯಾಸ. ಹೊಸ ದ್ರವ್ಯವೊಂದು ಮನೆಯ ಬಾಗಿಲಿಗೆ ಬಂದಾಗಲೂ ಅದೇ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಗಳು ಸಿದ್ಧರಾದರೆ ಪರಿಭಾಷೆಯ ಈ ಶ್ರಮವು ಸಾರ್ಥಕವಾದೀತು. ಈ ಸೂಚನೆಗಳಿಗಿಂತ ಮೇಲಾದುವು ತೋರಿದರೆ ವಿದ್ವಾಂಸರು ಪ್ರಕಟಪಡಿಸಬೇಕಾಗಿ ಬೇಡುತ್ತೇವೆ.